ಎಡಗಡೆಯ ಐದನೇ ಹಲಗೆ

ನಮ್ಮ ಮಾವ ಯಾವುದನ್ನೂ ಬಾಯಿಬಿಟ್ಟು ಹೊಗಳಿದವರಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನ್ನ ಅಡುಗೆಗೆ ಅವರು ಕೊಟ್ಟ ಅತಿ ದೊಡ್ಡ ಸರ್ಟಿಫಿಕೇಟು ಎಂದರೆ "ಪರವಾಗಿಲ್ಲ, ತಿನ್ಬೋದು." ಅಂಥವರು ಒಂದು ದಿನ ಊಟಕ್ಕೆ ಕೂತವರೇ, "ಸಾಹುಕಾರ ಲಾಂಚು ಮಾರ್ತಿದಾನೆ. ಚಿನ್ನದಂಥ ದೋಣಿ. ಕಣ್ಣು ಮುಚ್ಕೊಂಡು ತಗೊಳ್ರೋ" ಎಂದರು. ನಾನು ಬಡಿಸುವುದನ್ನು ನಿಲ್ಲಿಸಿ ಅವರ ಮುಖ ನೋಡಿದೆ.

ನನ್ನ ಗಂಡನ ಮುಖ ಆಗಲೇ ಅರಳಿತ್ತು. ಹದಿಮೂರು ವರ್ಷದಿಂದ ಬೇರೆಯವರ ಲಾಂಚು ಓಡಿಸಿ ನದಿಯ ಈ ದಡದ ಜನರನ್ನು ಆ ದಡಕ್ಕೆ ಮುಟ್ಟಿಸುವುದು ಇವರ ಕೆಲಸ. ಸ್ವಂತದ್ದೊಂದು ಲಾಂಚು ಬೇಕು ಎನ್ನುವುದು ಇವರ ಹಗಲುಗನಸು. ಸಾಹುಕಾರನದು ಅದೇ ದಡದಿಂದ ದಿನಾ ಓಡುವ ಇನ್ನೊಂದು ಲಾಂಚು. ಮೈದುನ ಇಂಜಿನ್ ರಿಪೇರಿ ಮಾಡುವವನು. ಅವನು ಮೀನಿನ ಮುಳ್ಳು ಬಿಡಿಸುತ್ತಲೇ, "ಇಂಜಿನ್ ನಾನು ನೋಡ್ಕೋತೀನಿ ಬಿಡು ಅಣ್ಣ" ಎಂದ. ಅಲ್ಲಿಗೆ ದೋಣಿ ಮನೆಗೆ ಬಂದೇ ಬಿಟ್ಟಿತು ಎನ್ನುವ ಹಾಗೆ ಅಪ್ಪ ಮಕ್ಕಳು ಮೂವರೂ ಊಟ ಮುಂದುವರಿಸಿದರು.

"ರೀ, ಅನ್ನ ಆರಿ ಕಲ್ಲಾಗಿದೆ. ಬಿಸಿ ಮಾಡ್ಲಾ?" ಎಂದರು ಅತ್ತೆ.

"ಬೇಡ."

ಇದು ದಿನದ ಮಾತು. ಸಂಜೆ ಐದಾಯಿತೆಂದರೆ ಮಾವ ಚಪ್ಪಲಿ ಮೆಟ್ಟಿ ದೋಣಿ ಕಟ್ಟುವ ಧಕ್ಕೆಗೆ ಹೊರಡುತ್ತಾರೆ. ನಾವೆಲ್ಲ ಊಟಕ್ಕೆ ಕೂತರೂ ಬರುವುದಿಲ್ಲ. ಬಂದಾಗ ತಟ್ಟೆಯಲ್ಲಿದ್ದುದೆಲ್ಲ ತಣ್ಣಗಾಗಿರುತ್ತದೆ. "ಈ ಚಿಕ್ಕೋನು ಮೂರನೇ ಕ್ಲಾಸಲ್ಲಿದ್ದಾಗಿಂದ ಇದೇ ಕತೆ. ಧಕ್ಕೇಲಿ ಗಾಳಿ ತಗೊಳ್ತಾರಂತೆ. ಮನೇಲಿ ಗಾಳಿ ಇಲ್ವಾ?" ಎಂದು ಅತ್ತೆ ಮೈದುನನ ಕಡೆ ಕೈ ತೋರಿಸಿ ದಿನಾ ಗೊಣಗುವುದು, ಮಾವ ದಿನಾ ಕಿವಿಯ ಮೇಲೆ ಹಾಕಿಕೊಳ್ಳದಿರುವುದು ನಡೆದೇ ಇತ್ತು.

ನನಗೆ ಸುಮ್ಮನಿರಲು ಬರುವುದಿಲ್ಲ. "ಮಾವ, ತಗೊಳ್ಳೋ ಮುಂಚೆ ದೋಣಿ ಪರೀಕ್ಷೆ ಮಾಡೋ ಸರ್ವೇಯರ್ ಹತ್ರ ತೋರಿಸಬೇಕಂತೆ" ಎಂದೆ.

ನನಗೆ ಇದನ್ನು ಹೇಳಿದವಳು ವಿಮೆ ಆಫೀಸಿನ ಗುಮಾಸ್ತೆ. ಕೋಟು ಬಿಗಿ ಮಾಡಿಸಲು ಬಂದಿದ್ದಳು. ನಾನು ಹೊಲಿಗೆಯವಳು, ಕಿಟಕಿಯ ಪಕ್ಕ ಮೆಷಿನ್ ಇಟ್ಟುಕೊಂಡಿದ್ದೇನೆ. ಅಳತೆ ಕೊಡಲು ನಿಂತವರು ಸುಮ್ಮನೆ ನಿಲ್ಲುವುದಿಲ್ಲ, ಮಾತಾಡುತ್ತಾರೆ. ಕಲಿತ, ಲೈಸೆನ್ಸ್ ಇರುವ ಸರ್ವೇಯರ್ ನೋಡದ ದೋಣಿಗೆ ತಾನಾದರೆ ಕೈಯೂ ಹಾಕುವುದಿಲ್ಲ ಎಂದು ಆಕೆ ತೋಳೆತ್ತಿಕೊಂಡೇ ಹೇಳಿದ್ದಳು.

ಮಾವ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. "ನಲವತ್ತು ವರ್ಷ ದೋಣಿ ಕಟ್ಟಿದೀನಿ. ಗೆಣ್ಣಲ್ಲಿ ತಟ್ಟಿದ್ರೆ ಮರ ಏನು ಹೇಳುತ್ತೆ ಅಂತ ನಂಗೆ ಗೊತ್ತು. ನನ್ನ ಮನೇಲಿ ಕೂತು ನಂಗೇ ಸರ್ವೇಯರ್ ತೋರಿಸ್ತೀಯಾ?"

"ನಿಮ್ಮ ಕೈ ಮೇಲೆ ಅನುಮಾನ ಇಲ್ಲ ಮಾವ. ಸಾಹುಕಾರರ ಮೇಲಿದೆ."

"ಒಬ್ಬ ಬಂದು ಟಕ್ ಟಕ್ ಅಂತ ಬಡಿದು ಹೋಗೋಕೆ ಒಂದು ತಿಂಗಳ ದಿನಸಿ ದುಡ್ಡು ಕೊಡ್ಬೇಕಾ ಅತ್ತಿಗೆ?" ಎಂದ ಮೈದುನ.

ನನ್ನ ಗಂಡ ಸಾರು ಸುರಿದುಕೊಂಡರು. ಅಪ್ಪನ ಎದುರು ಇವರ ಬಾಯಿಗೆ ಬೀಗ. ಅತ್ತೆ ಮಾತ್ರ ನನ್ನ ಕಡೆ ನೋಡಿ, "ನಿಮ್ಮ ಮಾವನೇ ಹೇಳಿದ ಮೇಲೆ ಆಯ್ತಲ್ಲ" ಎಂದರು. ಆದರೆ ಅವರ ದನಿಯಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ. ನಲವತ್ತೈದು ವರ್ಷ ಬಾಳಿದವರಿಗೆ ಗಂಡ ಹೀಗೆ ಹೊಗಳುವವನಲ್ಲ ಎಂದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಎಲ್ಲರೂ ಲಾಂಚು ನೋಡಲು ಹೋದೆವು. ಸಾಹುಕಾರ ಬಿಳಿ ಅಂಗಿ, ಬಿಳಿ ಷೂ ಹಾಕಿ ಧಕ್ಕೆಯ ಮೇಲೆ ನಿಂತಿದ್ದ. ಲಾಂಚಿಗೆ ಹೊಸ ಬಣ್ಣ. ಕೆಳಗೆ ನೀಲಿ, ಮೇಲೆ ಹಾಲಿನ ಬಿಳಿ, ಕಂಬಿಗಳಿಗೆ ಕೆಂಪು. ಒಳಗೆ ಕೂರುವ ಬೆಂಚುಗಳ ಹಿಂದೆ ಬದಿಯುದ್ದಕ್ಕೂ ಒಳಹಲಗೆ ಹೊಡೆದು ಅದಕ್ಕೂ ವಾರ್ನಿಷ್ ಬಳಿದಿದ್ದರು. ಮದುವೆ ಹೆಣ್ಣಿನ ಹಾಗಿದೆ ಎಂದು ಅತ್ತೆ ಬಾಯಿಬಿಟ್ಟರು. ನನಗೆ ಮಾತ್ರ ಆ ಬಣ್ಣ ಹಿಡಿಸಲಿಲ್ಲ. ಲೈನಿಂಗ್ ಹಾಕಿದ ಕೋಟು ನನ್ನ ಹತ್ತಿರ ರಿಪೇರಿಗೆ ಬಂದರೆ ನಾನು ಮೊದಲು ಮಾಡುವ ಕೆಲಸ ಲೈನಿಂಗ್ ಬಿಚ್ಚುವುದು. ಒಳಗಿನ ಹೊಲಿಗೆ ನೋಡದೆ ಹೊರಗಿನ ಕೋಟಿಗೆ ನಾನು ದರ ಹೇಳುವುದಿಲ್ಲ.

"ಈ ಹಲಗೆ ಹಿಂದೆ ಏನಿದೆ?" ಎಂದೆ.

ಸಾಹುಕಾರ ನಕ್ಕ. "ದೋಣಿ ಇದೆ ತಾಯಿ."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಅವರು ಬೆಂಚಿನ ಮೇಲೆ ಕೂತು ನೀರನ್ನು ನೋಡುತ್ತಿದ್ದರು.

"ಸರ್ವೇ ಬೇಕಾದ್ರೆ ನಾನೇ ಮಾಡಿಸಿ ಕೊಡ್ತೀನಿ. ನಮ್ಮವನೇ ಒಬ್ಬ ಇದಾನೆ, ಖರ್ಚೂ ನಂದೇ" ಎಂದು ಸಾಹುಕಾರ ಮೂರು ವರ್ಷದ ಹಿಂದಿನ ಒಂದು ರಿಪೋರ್ಟನ್ನೂ ಕೈಗಿಟ್ಟ. ಮೈದುನ ನನ್ನತ್ತ ತಿರುಗಿ, ಈಗೇನು ಹೇಳ್ತೀರಿ ಎನ್ನುವಂತೆ ಹುಬ್ಬು ಹಾರಿಸಿದ.

ಮನೆಗೆ ಬಂದು ಕಿಟಕಿಯ ಬೆಳಕಿಗೆ ಆ ರಿಪೋರ್ಟು ಹಿಡಿದೆ. ಎಲ್ಲ ಚೆನ್ನಾಗಿದೆ, ಎಲ್ಲ ಸರಿಯಾಗಿದೆ. ಕೊನೆಯ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಒಳಹಲಗೆ ಬಿಚ್ಚಿ ನೋಡಿಲ್ಲ, ಅದರ ಹಿಂದಿನ ಭಾಗದ ಬಗ್ಗೆ ಏನೂ ಹೇಳಲಾಗುವುದಿಲ್ಲ.

"ನೋಡ್ರೀ ಇಲ್ಲಿ!" ಎಂದು ಕೂಗಿದೆ. ನನ್ನ ಗಂಡ ಓದಿದರು, ಎರಡನೇ ಸಲ ಓದಿದರು. "ಎಲ್ಲಾ ರಿಪೋರ್ಟಲ್ಲೂ ಹಂಗೇ ಬರೀತಾರೇನೋ" ಎಂದರು.

"ಮಾರೋನೇ ಸರ್ವೇಯರ್‌ನ ಕರ್ಕೊಂಡು ಬಂದ್ರೆ, ಅವನು ಯಾರ ಕಡೆ ಮಾತಾಡ್ತಾನೆ? ನಮ್ಮ ಸರ್ವೇಯರ್‌ನ ನಾವೇ ಹಿಡೀಬೇಕು. ದುಡ್ಡು ನಾವೇ ಕೊಡ್ಬೇಕು. ಅಷ್ಟೇ."

ಒಳಗಿನ ಕೋಣೆಯಿಂದ ಮಾವ ಹೊರಗೆ ಬಂದರು. "ಅವಳಿಗೆ ಲಾಂಚು ಬೇಡ ಕಣೋ. ಪೇಟೆ ಬೀದೀಲಿ ಅಂಗಡಿ ಹಿಡಿಯೋಕೆ ದುಡ್ಡು ಕೂಡಿಸಿಟ್ಟಿದಾಳಲ್ಲ, ಅದು ಲಾಂಚಿಗೆ ಹೋಗುತ್ತೆ ಅಂತ ಸಂಕಟ. ಅದಕ್ಕೇ ಈ ಕೊಂಕು."

ನನಗೆ ಮೈಯೆಲ್ಲ ಉರಿಯಿತು. ಅದರಲ್ಲಿ ಅರ್ಧ ನಿಜ ಇದ್ದದ್ದಕ್ಕೆ ಇನ್ನೂ ಜಾಸ್ತಿ ಉರಿಯಿತು. ಅಂಗಡಿಯ ಆಸೆ ನನಗಿತ್ತು, ಈಗಲೂ ಇದೆ. ಆದರೂ ಆ ದುಡ್ಡನ್ನು ಲಾಂಚಿಗೆ ಕೊಡುತ್ತೇನೆ ಎಂದು ಮೊದಲು ಹೇಳಿದವಳೂ ನಾನೇ. "ಕೊಡೋ ದುಡ್ಡಿನ ಬಗ್ಗೆ ನಂಗೆ ಸಂಕಟ ಇಲ್ಲ ಮಾವ. ನಿಮ್ಮ ಮಗ ಆ ದೋಣೀಲಿ ದಿನಾ ನೀರಿಗಿಳೀತಾರೆ. ಅದರ ಬಗ್ಗೆ ಸಂಕಟ" ಎಂದೆ. ಮಾವ ಚಪ್ಪಲಿ ಮೆಟ್ಟಿ ಧಕ್ಕೆಗೆ ಹೊರಟುಬಿಟ್ಟರು. ಗಂಟೆ ಇನ್ನೂ ನಾಲ್ಕೂ ಆಗಿರಲಿಲ್ಲ.

ಆಮೇಲಿನ ಎರಡು ವಾರ ನಮ್ಮ ಮನೆಯಲ್ಲಿ ಒಬ್ಬರು ಇನ್ನೊಬ್ಬರನ್ನು ನಂಬಲಿಲ್ಲ. ಮೈದುನ ಒಂದು ದಿನ ಪಾತ್ರೆ ತೊಳೆಯುತ್ತಿದ್ದ ನನ್ನ ಹತ್ತಿರ ಬಂದು ನಿಂತು, "ಅತ್ತಿಗೆ, ಅಪ್ಪ ಸಾಹುಕಾರನ ಜೊತೆ ಚಹಾ ಅಂಗಡೀಲಿ ಕೂತಿದ್ರು. ತಲೆಗೆ ತಲೆ ತಾಗಿಸ್ಕೊಂಡು ಮಾತು. ಕಮಿಷನ್ ಏನಾದ್ರೂ..." ಎಂದ.

"ಥೂ! ಅಪ್ಪನ ಬಗ್ಗೆ ಹಂಗೆ ಹೇಳ್ತೀಯಾ?" ಎಂದೆ. ಆದರೆ ಬೆಳಗ್ಗೆಯಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ.

ಅತ್ತೆಗೆ ಮೈದುನನ ಮೇಲೆ ಅನುಮಾನ. ಹಳೇ ಇಂಜಿನ್ ಬಿಚ್ಚಿ ಹೊಸದು ಹಾಕಿಸುವ ನೆಪದಲ್ಲಿ ತನ್ನ ಗ್ಯಾರೇಜಿನವರಿಗೆ ಕೆಲಸ ಕೊಡಿಸುತ್ತಾನೆ ಎಂದು. ಅವನೇ ಕರೆತಂದ ಒಬ್ಬ ಸರ್ವೇಯರ್ ಆ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿದ. ಆಸಾಮಿ ಬಂದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಚಹಾ ಕುಡಿದು, ಬ್ರೆಡ್ಡು ತಿಂದು, ಗರಿಗರಿ ವಿಸಿಟಿಂಗ್ ಕಾರ್ಡು ಕೊಟ್ಟ.

"ಲೈಸೆನ್ಸ್ ನಂಬರು ಇದರಲ್ಲಿ ಎಲ್ಲಿದೆ?" ಎಂದೆ.

"ಮೇಡಂ, ಇಪ್ಪತ್ತು ವರ್ಷದ ಅನುಭವವೇ ನನ್ನ ಲೈಸೆನ್ಸು."

"ದೋಣಿ ನೀರಿಂದ ಮೇಲೆ ಎಳೆಸ್ಬೇಕಾ?"

"ಅಯ್ಯೋ, ಅದೆಲ್ಲ ದಂಡದ ಖರ್ಚು. ನೀರಲ್ಲಿದ್ದಂಗೇ ನೋಡಿ ಹೇಳ್ತೀನಿ. ಬೇಕಾದ್ರೆ ಫೋಟೋ ಕಳಿಸಿ, ಸಾಕು."

ಅತ್ತೆ ಅಡುಗೆಮನೆಯಿಂದಲೇ, "ಫೋಟೋ ನೋಡಿ ಹೆಣ್ಣೂ ಒಪ್ಪಲ್ವಲ್ಲಪ್ಪ!" ಎಂದರು. ಆಸಾಮಿ ಉಳಿದ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು ಎದ್ದ. ಮೈದುನ ಎರಡು ದಿನ ನನ್ನ ಕಣ್ಣು ತಪ್ಪಿಸಿ ಓಡಾಡಿದ.

ಕೊನೆಗೆ ವಿಮೆ ಆಫೀಸಿನ ಗುಮಾಸ್ತೆಯೇ ಒಂದು ಹೆಸರು, ನಂಬರು ಕೊಟ್ಟಳು. ಫೋನು ಎತ್ತಿದ್ದು ಹೆಂಗಸಿನ ದನಿ. ದರ ಹೇಳುವ ಮೊದಲು ಆಕೆ ನನಗೇ ಹತ್ತು ಪ್ರಶ್ನೆ ಕೇಳಿದರು. ದೋಣಿಯ ವಯಸ್ಸೆಷ್ಟು? ಮರದ್ದಾ, ಫೈಬರ್‌ದಾ? ದಡಕ್ಕೆ ಎಳೆಸಬಹುದಾ? ಒಳಹಲಗೆ ಬಿಚ್ಚಲು ಮಾರುವವರು ಒಪ್ಪಿದ್ದಾರಾ? ಒಪ್ಪಿದರೆ ಬರೆದು ಕೊಡಲಿ. ಲೈಸೆನ್ಸ್ ನಂಬರನ್ನು ನಾನು ಕೇಳುವ ಮೊದಲೇ ಹೇಳಿ, "ಬಂದರು ಆಫೀಸಿಗೆ ಫೋನು ಮಾಡಿ ವಿಚಾರಿಸ್ಕೊಳ್ಳಿ, ಸಂಕೋಚ ಬೇಡ" ಎಂದರು. ನಾನು ಸಂಕೋಚಪಡುವವಳೇ ಅಲ್ಲ. ಆಗಲೇ ವಿಚಾರಿಸಿದೆ. ಸರಿಯಾಗಿತ್ತು.

"ಹೆಂಗಸಾ? ದೋಣಿ ಹೊಟ್ಟೆಯೊಳಗೆ ಹೆಂಗಸು ನುಗ್ಗಿ ನೋಡ್ತಾಳಾ?" ಎಂದರು ಅತ್ತೆ.

"ಅರವತ್ತರ ಹತ್ರ ಅಂತೆ. ಮಂಡಿ ನೋವಂತೆ, ನಿಧಾನ ಆಗುತ್ತೆ ಅಂದ್ರು."

ಮೂಲೆಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ ಮಾವ ತಲೆ ಎತ್ತಿದರು. ಎರಡು ವಾರದಿಂದ ಸರ್ವೇಯರ್ ಎನ್ನುವ ಪದ ಕೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದವರು, "ಆಯ್ತು ಕರೀರಿ. ಅದ್ಯಾಕೆ ಇಷ್ಟು ರಾದ್ಧಾಂತ? ಒಂದು ಸಲ ಬಂದು ನೋಡ್ಕೊಂಡು ಹೋಗ್ಲಿ" ಎಂದರು.

ನನ್ನ ಗಂಡ ಸಂತೋಷದಿಂದ ನನ್ನ ಭುಜ ತಟ್ಟಿದರು. ನನಗೆ ಸಂತೋಷವಾಗಲಿಲ್ಲ. ಮಂಡಿ ನೋವಿನ ಮುದುಕಿ ಎಂದ ಕೂಡಲೇ ಮಾವನಿಗೆ ಸಮಾಧಾನ ಆದದ್ದೇಕೆ?

ಅದೇ ವಾರ ಇನ್ನೊಂದು ನಡೆಯಿತು. ಆರು ವರ್ಷದಿಂದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಮಾವನ ಉಳಿ-ಸುತ್ತಿಗೆಯ ಹತ್ಯಾರದ ಚೀಲ ಒಂದು ಮಧ್ಯಾಹ್ನ ಅಲ್ಲಿರಲಿಲ್ಲ. ಕೈ ನಡುಗುವುದು ಶುರುವಾದ ಮೇಲೆ ಅವರು ಆ ಚೀಲ ಮುಟ್ಟಿದವರಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ, ಮರದ ಬಿರುಕಿಗೆ ತುಂಬುವ ಬಿಳಿ ಪುಟ್ಟಿ ಮೆತ್ತಿಕೊಂಡಿತ್ತು.

"ಎಲ್ಲಿ ಕೆಲಸಕ್ಕೆ ಹೋಗಿದ್ರಿ ಮಾವ?"

"ದೋಣಿ ಕಟ್ಟೋ ಶೆಡ್ಡಲ್ಲಿ ಕಿಟಕಿ ಚೌಕಟ್ಟು ಬಿಟ್ಟುಕೊಂಡಿತ್ತು. ಸರಿ ಮಾಡಿ ಬಂದೆ."

ಮಾರನೇ ದಿನ ಬಟನ್ ತರುವ ನೆಪದಲ್ಲಿ ನಾನು ಶೆಡ್ಡಿನ ಮುಂದೆಯೇ ಹೋದೆ. ಅದು ನಾಲ್ಕು ಕಂಬ, ಮೇಲೊಂದು ತಗಡು. ಕಿಟಕಿಯೇ ಇಲ್ಲ. ಶೆಡ್ಡಿನಿಂದ ಇಪ್ಪತ್ತು ಹೆಜ್ಜೆ ಆಚೆ, ಎರಡು ಟ್ರಿಪ್ಪಿನ ನಡುವೆ, ಸಾಹುಕಾರನ ಲಾಂಚನ್ನು ಕಟ್ಟಿದ್ದರು.

ಮರುದಿನ ಬೆಳಗ್ಗೆ ಇವರು ಷರ್ಟು ಹಾಕಿಕೊಳ್ಳುತ್ತಿದ್ದಾಗ ಹೇಳಿದೆ. "ರೀ, ಮಾವ ಆ ಲಾಂಚಲ್ಲಿ ಏನೋ ಮುಚ್ಚಿ ಬಂದಿದಾರೆ. ಪುಟ್ಟಿ ಹಾಕಿ."

"ನಮ್ಮಪ್ಪ ಕಳ್ಳನಾ?"

"ನಾನು ಹಂಗೆಲ್ಲಿ ಅಂದೆ?"

"ಅಂದೆ! ಕಟ್ಟಿಕೊಂಡವನ ಅಪ್ಪನ ಉಗುರು ಪರೀಕ್ಷೆ ಮಾಡೋ ಮಟ್ಟಕ್ಕೆ ಬಂದಿದೀಯ. ನೀನು ಕೂತು ಹೊಲಿಯೋ ಟೇಬಲ್ ಯಾರು ಮಾಡಿಕೊಟ್ಟದ್ದು? ಅದರ ಕೆಳಗೆ ಬಗ್ಗಿ ನೋಡು ಒಂದು ಸಲ!"

ನೋಡಬೇಕಾಗಿರಲಿಲ್ಲ. ಆ ಶೆಡ್ಡಿನ ಬಡಗಿಗಳಿಗೆ ಒಂದು ಪದ್ಧತಿ. ಕೆಲಸ ಮುಗಿದ ಮೇಲೆ ಯಾರಿಗೂ ಕಾಣದ ಕಡೆ ಉಳಿಯಿಂದ ತಮ್ಮ ಗುರುತು ಕೊರೆಯುತ್ತಾರೆ. ಮಾವನದು ಮೂರು ಗೀರು, ಪಕ್ಕದಲ್ಲೊಂದು ಚುಕ್ಕೆ. ನನ್ನ ಹೊಲಿಗೆ ಟೇಬಲ್ಲಿನ ಕೆಳಗೆ ಅದಿದೆ, ಅತ್ತೆಯ ಮಂಚದ ಕೆಳಗೂ ಇದೆ. "ಕಾಣೋ ಕಡೆ ಹೆಸರು ಬರೆಯೋನು ಬೋರ್ಡು ಬರೆಯೋನು, ಬಡಗಿ ಅಲ್ಲ" ಎಂದು ಮಾವ ಹೆಮ್ಮೆಯಿಂದ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನಗೆ ಆ ಮಾತು ಎಷ್ಟು ಹಿಡಿಸಿತ್ತು!

ಇವರು ಅಂದು ತಿಂಡಿ ತಿನ್ನದೆ ಹೋದರು. ನಾನೂ ಕರೆಯಲಿಲ್ಲ.

ಸರ್ವೇ ದಿನ ಬೆಳಗ್ಗೆಯೇ ಲಾಂಚನ್ನು ದಡಕ್ಕೆ ಎಳೆಸಿದ್ದೆವು. ಸರ್ವೇಯರಮ್ಮ ಹಳೇ ಪ್ಯಾಂಟು ಹಾಕಿ, ಮಂಡಿಗೆ ದಪ್ಪ ಪಟ್ಟಿ ಕಟ್ಟಿ, ಸಣ್ಣ ಸುತ್ತಿಗೆ, ಟಾರ್ಚು, ಮರದ ಹಿಡಿಯ ಒಂದು ದಬ್ಬಣ ಹಿಡಿದು ಬಂದರು. ಸಾಹುಕಾರನಿಗೂ ನಮಸ್ಕಾರ, ನಮಗೂ ನಮಸ್ಕಾರ. ಆತ ತರಿಸಿದ ಚಹಾ ಮಾತ್ರ ಬೇಡ ಎಂದರು.

"ದೋಣಿ ಒಳ್ಳೇದಾ ಕೆಟ್ಟದ್ದಾ ಅಂತ ಇವತ್ತೇ ಹೇಳ್ಬಿಡ್ತೀರಾ ಮೇಡಂ?" ಎಂದರು ನನ್ನ ಗಂಡ.

"ಕಂಡದ್ದು ಹೇಳ್ತೀನಿ. ಕಾಣದೇ ಇದ್ರೆ ಕಂಡಿಲ್ಲ ಅಂತ ಬರೀತೀನಿ. ತೀರ್ಮಾನ ನಿಮ್ಮದು."

ದೋಣಿಯ ಹೊಟ್ಟೆಯಡಿ ಮಲಗಿ ಗೇಣು ಗೇಣಿಗೂ ಬಡಿಯುತ್ತಾ ಹೋದರು. ಟಕ್. ಟಕ್. ಟಕ್. ಮಂಡಿ ನೋವಿನ ಮುದುಕಿ ಎಂದುಕೊಂಡಿದ್ದವರಿಗೆ ಒಂದು ಗಂಟೆಯಲ್ಲೇ ಬೆವರಿಳಿಯಿತು. ಆಕೆ ಏಳುವ ಲಕ್ಷಣವೇ ಇರಲಿಲ್ಲ. ಮಾವ ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದರು. ನಾನು ದೋಣಿಯನ್ನು ನೋಡಲಿಲ್ಲ, ಅವರನ್ನೇ ನೋಡಿದೆ. ಸುತ್ತಿಗೆ ಎಡಗಡೆಯ ಹಿಂಭಾಗಕ್ಕೆ ಬಂತು. ಟಕ್, ಟಕ್, ಆಮೇಲೆ ಒಂದು ಮಂಕು ಸದ್ದು. ಸರ್ವೇಯರಮ್ಮ ಸುತ್ತಿಗೆ ನಿಲ್ಲಿಸುವ ಮೊದಲೇ ಮಾವನ ಕಣ್ಣು ಮುಚ್ಚಿಕೊಂಡಿತ್ತು.

ಆಕೆ ಸೀಮೆಸುಣ್ಣದಲ್ಲಿ ಅಲ್ಲಿ ಗುರುತು ಹಾಕಿ ಒಳಗೆ ಹತ್ತಿದರು. ನಾವೂ ಹತ್ತಿದೆವು. ಸಾಹುಕಾರ ಬರೆದುಕೊಟ್ಟದ್ದು ಎರಡು ಒಳಹಲಗೆ ಬಿಚ್ಚಲು ಮಾತ್ರ. ಮುಂಭಾಗದ ಎರಡನ್ನು ಆತನೇ ತೋರಿಸಿ ಬಿಚ್ಚಿಸಿದ. ಒಳಗೆಲ್ಲ ಗಟ್ಟಿ ಮರ, ಹಸಿರುಗಟ್ಟಿದ ತಾಮ್ರದ ಮೊಳೆ. ಒಂದು ದೋಷ ಇರಲಿಲ್ಲ.

"ಹಿಂದೆ ಎಡಗಡೆಯದೂ ಬಿಚ್ಚಬೇಕು" ಎಂದರು ಸರ್ವೇಯರಮ್ಮ.

"ಎರಡು ಅಂತ ಬರೆದಿದೀನಿ, ಎರಡು ಬಿಚ್ಚಿಸಿದೀನಿ. ಮೊನ್ನೆ ತಾನೆ ವಾರ್ನಿಷ್ ಮಾಡ್ಸಿದ್ದು. ವ್ಯಾಪಾರ ಬೇಡ ಅಂದ್ರೆ ಹೇಳ್ಬಿಡಿ, ಕೆಳಗಿನ ಬಂದರಿನವರು ಕಾಯ್ತಿದಾರೆ."

"ಸರಿ. ನೋಡೋಕೆ ಬಿಡಲಿಲ್ಲ ಅಂತ ಬರ್ಕೋತೀನಿ."

ನನ್ನ ಗಂಡ ನನ್ನ ಮುಖ ನೋಡಿದರು, ಸಾಹುಕಾರನ ಮುಖ ನೋಡಿದರು. "ಒಂದು ಹಲಗೆಗೋಸ್ಕರ ಕೈಗೆ ಬಂದ ದೋಣಿ ಬಿಡೋದಾ? ಮಿಕ್ಕಿದ್ದೆಲ್ಲ ಚೆನ್ನಾಗಿದೆಯಲ್ಲ" ಎಂದರು. ಮೈದುನ ಹೌದು ಹೌದು ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ವೇಯರಮ್ಮ ಕಾಗದ ತಿರುಗಿಸಿ, ಉಳಿದ ಕಾಲಂ ತುಂಬಲು ಮಾಮೂಲಿ ದನಿಯಲ್ಲೇ ಕೇಳಿದರು.

"ಓಡಿಸೋರು ಯಾರು?"

"ನಾನೇ" ಎಂದರು ನನ್ನ ಗಂಡ.

"ಇಂಜಿನ್ ಹತ್ರ?"

"ನಾನು" ಎಂದ ಮೈದುನ.

"ಒಂದು ಸಲಕ್ಕೆ ಎಷ್ಟು ಜನ?"

"ನಲವತ್ತು. ಬೆಳಗ್ಗೆ ಶಾಲೆ ಟೈಮಲ್ಲಿ ಐವತ್ತಾಗುತ್ತೆ."

ಆಕೆ ಅದನ್ನು ಬರೆದುಕೊಳ್ಳುತ್ತಿದ್ದರು. ಪೆನ್ನು ಇನ್ನೂ ಕಾಗದದ ಮೇಲಿತ್ತು. ಹಿಂದಿನಿಂದ ಮಾವನ ದನಿ ಬಂತು. ಅವರು ಯಾವಾಗ ಏಣಿ ಹತ್ತಿದರೋ ಗೊತ್ತಿಲ್ಲ.

"ಐದನೆಯದು. ಎಡಗಡೆ, ಹಿಂದಿನಿಂದ ಐದನೇ ಹಲಗೆ. ಅದನ್ನ ಬಿಚ್ಚಿ."

ಎಲ್ಲರೂ ತಿರುಗಿದೆವು. ಅವರ ಕೈಯಲ್ಲಿ ಉಳಿ ಇತ್ತು.

"ಮೇಸ್ತ್ರಿ, ಸುಮ್ನಿರಯ್ಯ" ಎಂದ ಸಾಹುಕಾರ.

"ಬಿಚ್ಚೋ!" ಎಂದು ಮಾವ ಮೈದುನನ ಕೈಗೆ ಉಳಿ ತುರುಕಿದರು. "ನಂಗೆ ಆಗ್ತಿಲ್ಲ. ಮೊನ್ನೆ ಬಂದು ಪ್ರಯತ್ನ ಮಾಡ್ದೆ. ಸ್ಕ್ರೂ ತುಕ್ಕು ಹಿಡಿದಿದೆ, ಕೈಗೆ ಬಲ ಇಲ್ಲ. ಮೀಟಿದ ಗುರುತು ಕಾಣದ ಹಾಗೆ ಸುತ್ತ ಪುಟ್ಟಿ ಬಳಿದು ಬಂದೆ."

ಮೈದುನ ಉಳಿ ಸಿಗಿಸಿ ಮೀಟಿದ. ವಾರ್ನಿಷ್ ಸೀಳಿ ಹಲಗೆ ಎದ್ದು ಬಂತು. ಕೊಳೆತ ಎಲೆಯ ವಾಸನೆ ಮೂಗಿಗೆ ಹೊಡೆಯಿತು. ಟಾರ್ಚಿನ ಬೆಳಕಲ್ಲಿ ಕಂಡದ್ದು ದೋಣಿಯ ಪಕ್ಕೆಲುಬು. ಹೊರಗಿನ ಹಲಗೆಗಳನ್ನೆಲ್ಲ ಹಿಡಿದು ನಿಲ್ಲಿಸುವ ಬಾಗಿದ ಮರ. ಅದು ನಡುವೆ ಗರಗಸದಲ್ಲಿ ಕತ್ತರಿಸಿಹೋಗಿತ್ತು, ಮುಕ್ಕಾಲು ಪಾಲು. ಕತ್ತರಿಸಿದ ಕಡೆಗೆ ಒಂದು ತುಂಡು ಮರ ತಾಗಿಸಿ ಕಬ್ಬಿಣದ ಮೊಳೆ ಹೊಡೆದಿದ್ದರು. ಮೊಳೆ ಇದ್ದ ಜಾಗದಲ್ಲಿ ಈಗ ಕೆಂಪು ಪುಡಿ. ಸರ್ವೇಯರಮ್ಮ ದಬ್ಬಣವನ್ನು ಮೆಲ್ಲಗೆ ಒತ್ತಿದರು. ಅದು ಹಿಡಿಯ ತನಕ ಒಳಗೆ ಹೋಯಿತು.

ನಾನು ಬಗ್ಗಿ ನೋಡಿದೆ. ತುಂಡು ಮರದ ಮೂಲೆಯಲ್ಲಿ ಮೂರು ಗೀರು, ಪಕ್ಕದಲ್ಲೊಂದು ಚುಕ್ಕೆ. ಮುಚ್ಚಿಟ್ಟ ತಪ್ಪಿಗೂ ಅಭ್ಯಾಸದ ಕೈ ಗುರುತು ಹಾಕಿಬಿಟ್ಟಿತ್ತು. ನನ್ನ ಗಂಡ ಬಗ್ಗಿ ಆ ಗೀರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಗರಗಸ ಜಾರ್ತು" ಎಂದರು ಮಾವ. "ರಿಪೇರಿಗೆ ಬಂದಿತ್ತು, ಹಳೇ ಹಲಗೆ ಕೊಯ್ಯೋಕೆ ಹೋಗಿ ಪಕ್ಕೆಗೆ ತಾಗ್ತು. ಆ ಶೆಡ್ಡಲ್ಲಿ ನನ್ನ ಕೈಗೆ ಎರಡನೇ ಮಾತಿರಲಿಲ್ಲ. ಹೇಳೋಕೆ ನಾಚಿಕೆ ಆಯ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ಮಾರನೇ ದಿನವೇ ನೀರಿಗೆ ಇಳಿಸಿಬಿಟ್ರು."

"ಎಷ್ಟು ವರ್ಷ ಆಯ್ತು?" ಸರ್ವೇಯರಮ್ಮ ಕೇಳಿದರು.

"ಹದಿನೇಳು."

"ನಂಗೇನೂ ಗೊತ್ತಿಲ್ಲಪ್ಪ! ಇದು ನಿನ್ನ ಕೆಲಸ, ನಿನ್ನ ಗುರುತು!" ಎಂದು ಸಾಹುಕಾರ ಕೂಗಾಡಿದ. ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಆ ಬದಿಯ ಹಲಗೆಯನ್ನು ಮಾತ್ರ ಯಾಕೆ ತೋರಿಸಲಿಲ್ಲ ಎಂದು ನಾನು ಇವತ್ತಿಗೂ ಕೇಳುತ್ತೇನೆ. ಚಹಾ ಅಂಗಡಿಯಲ್ಲಿ ತಲೆಗೆ ತಲೆ ತಾಗಿಸಿ ಮಾತಾಡಿದ್ದೇನು ಎಂದು ಮೈದುನ ಕೇಳಿದ್ದಕ್ಕೆ ಮಾವ, "ಬೇರೆಯವರಿಗೆ ಕೊಡ್ಬೇಡ, ನಮ್ಮ ಹುಡುಗರಿಗೇ ಕೊಡು ಅಂತ ಕಾಲು ಹಿಡಿದೆ" ಎಂದರು. "ಬೇರೆ ಊರಿನವರ ಪಾಲಾದ್ರೆ ನನ್ನ ಕಣ್ಣಿಗೆ ಬೀಳಲ್ಲ. ನಮ್ಮ ಮನೆಗೆ ಬಂದ್ರೆ ಸದ್ದಿಲ್ಲದೆ ಸರಿ ಮಾಡ್ಬೋದಿತ್ತು."

ನನಗೆ ತಡೆಯಲಾಗಲಿಲ್ಲ. "ನೀವು ಸದ್ದಿಲ್ಲದೆ ಸರಿ ಮಾಡೋವರೆಗೆ ಇದರಲ್ಲಿ ಯಾರು ಕೂತಿರ್ತಿದ್ರು ಮಾವ? ನಿಮ್ಮ ಇಬ್ಬರು ಮಕ್ಕಳು! ಹೋಗ್ಲಿ, ಹದಿನೇಳು ವರ್ಷ ದಿನಾ ನಲವತ್ತು ಐವತ್ತು ಜನ! ಅವರೂ ಯಾರದೋ ಮನೆ ಮಕ್ಕಳೇ ಅಲ್ವಾ?"

ಮಾವ ಮೈದುನನ ಕೈಯಿಂದ ಉಳಿ ತೆಗೆದುಕೊಂಡು ಏಣಿಯ ಕಡೆ ನಡೆದರು.

ಸರ್ವೇಯರಮ್ಮ ಸಾಮಾನು ಚೀಲಕ್ಕೆ ಹಾಕುತ್ತಾ ಸಾಹುಕಾರನಿಗೆ, "ಇದನ್ನ ಇವತ್ತಿಂದ ನೀರಿಗೆ ಇಳಿಸೋ ಹಾಗಿಲ್ಲ. ಅದನ್ನ ಬಂದರು ಆಫೀಸಿಗೂ ತಿಳಿಸ್ತೀನಿ" ಎಂದರು. ಇಳಿಯುವಾಗ ಮಂಡಿ ಹಿಡಿದುಕೊಂಡರು. ಏಣಿಯ ಬಳಿಯಿದ್ದ ಮಾವನೇ ಕೈ ಕೊಟ್ಟರು. ಆಕೆ ಆ ಕೈ ಹಿಡಿದು ಇಳಿದರು.

ಲಾಂಚು ಕೊಳ್ಳಲಿಲ್ಲ. ಮೈದುನ ಮನೆಯಲ್ಲಿ ತಲೆ ತಗ್ಗಿಸಿ ಓಡಾಡಿದ. ನನ್ನ ಗಂಡ ಅಪ್ಪನೊಂದಿಗೆ ಮಾತು ಬಿಟ್ಟರು. ನನ್ನ ಹತ್ತಿರವೂ ಮೊದಮೊದಲು ಆಡಲಿಲ್ಲ. ಒಂದು ದಿನ ನಾನು ಮಲಗಿದ್ದೇನೆಂದುಕೊಂಡು ಇವರು ಕೆಲಸಕ್ಕೆ ಹೊರಡುವ ಮೊದಲು ನನ್ನ ಹೊಲಿಗೆ ಟೇಬಲ್ಲನ್ನು ಮಗುಚಿ, ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿದ್ದರು. ನಾನು ಅದಕ್ಕೂ ಎರಡು ದಿನ ಮುಂಚೆಯೇ ನೋಡಿ ಇಟ್ಟಿದ್ದೆ. ಗಟ್ಟಿಯಾಗಿತ್ತು. ಆದರೂ ನೋಡಿದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಆದರೆ ನಾನು ಹೇಳಬೇಕೆಂದಿದ್ದು ಸರ್ವೇ ಆದ ದಿನದ ಸಂಜೆಯ ಸಂಗತಿ.

ಐದು ಗಂಟೆಯಾಯಿತು. ಮಾವ ಅಭ್ಯಾಸದಂತೆ ಬಾಗಿಲವರೆಗೆ ಹೋದರು, ಒಂದು ಚಪ್ಪಲಿಗೆ ಕಾಲು ಹಾಕಿದರು. ಹಾಗೇ ನಿಂತರು. ಆಮೇಲೆ ಕಾಲು ಹೊರಗೆ ತೆಗೆದು ಒಳಗೆ ಬಂದು ಕೂತರು. ಆರಾಯಿತು, ಏಳಾಯಿತು, ಏಳಲಿಲ್ಲ. ಅತ್ತೆ ಒಲೆಯ ಮುಂದಿನಿಂದ ಎರಡು ಸಲ ಬಗ್ಗಿ ನೋಡಿದರು.

"ಇವತ್ತು ಗಾಳಿ ಬೇಡ್ವೇನ್ರೀ?"

"ಆ ಲಾಂಚು ದಡದ ಮೇಲಿದೆಯಲ್ಲ" ಎಂದರು ಮಾವ. "ಇನ್ನು ಯಾವುದು ಬರೋದಿದೆ?"

ಅತ್ತೆಯ ಕೈಯ ಸೌಟು ನಿಂತಿತು. ಸಾಹುಕಾರನ ಲಾಂಚಿನ ಕೊನೆಯ ಟ್ರಿಪ್ಪು ಧಕ್ಕೆಗೆ ಬರುತ್ತಿದ್ದದ್ದು ಎಂಟಕ್ಕೆ. ಮಳೆಗಾಲದಲ್ಲಿ ಒಂಬತ್ತೂ ಆಗುತ್ತಿತ್ತು. ಅದು ಬಂದು, ಜನ ಇಳಿದು, ಹಗ್ಗ ಕಟ್ಟುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಈ ಮನುಷ್ಯ ಮನೆಗೆ ಬರುತ್ತಿದ್ದದ್ದು. ಹದಿನೇಳು ವರ್ಷ. ನಾವು ಗಾಳಿ ಎಂದುಕೊಂಡಿದ್ದೆವು. ನನಗೆ ಅವರ ಮೇಲಿನ ಸಿಟ್ಟು ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಆದರೂ ಎದ್ದು ಅವರ ತಟ್ಟೆ ತೊಳೆದು ಅತ್ತೆಯ ಕೈಗೆ ಕೊಟ್ಟೆ.

ಅತ್ತೆ ಒಲೆಯ ಮೇಲಿದ್ದ ಅನ್ನವನ್ನು ನೇರ ತಟ್ಟೆಗೆ ಹಾಕಿ, ಹುರಿದ ಮೀನು ಇಟ್ಟು, ಗಂಡನ ಮುಂದೆ ತಂದಿಟ್ಟರು. ಹಬೆ ಏಳುತ್ತಿತ್ತು. ಮಾವ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟವರು ತಟ್ಟನೆ ಹೊರಗೆ ತೆಗೆದರು. ಬಾಯಿ ಸುಟ್ಟುಕೊಂಡಿದ್ದರು. ಕಣ್ಣಲ್ಲಿ ನೀರು ಬಂತು.

"ಬಿಸಿ ಇದೆ" ಎಂದರು, ಯಾರೋ ಮೋಸ ಮಾಡಿದರೇನೋ ಎನ್ನುವ ಹಾಗೆ ತಟ್ಟೆಯನ್ನು ನೋಡುತ್ತಾ.

"ಅನ್ನ ಬಿಸಿನೇ ಇರೋದು ರೀ" ಎಂದರು ಅತ್ತೆ. "ಆರಿಸ್ಕೊಂಡು ತಿನ್ನಿ."